ಮುನಿಲಕ್ಷ್ಮಿಯ ಮತ

ಮತ ಹಾಕಿ ಬೆರಳಿಗೆ ಶಾಯಿ ತಾಗಿದ ಕ್ಷಣ, ನಾವು ಆರಿಸಿದ ಅಭ್ಯರ್ಥಿ ಮಾಡಿದ ಅತಿ ಕೆಟ್ಟ ಕೆಲಸ ಅವನ ಕಣ್ಣಿನಿಂದಲೇ ನಮಗೆ ಕಾಣುತ್ತದೆ. ಹಾಗಾಗಿ ಮತಗಟ್ಟೆಯ ಬಾಗಿಲಲ್ಲಿ ವಾಂತಿಗೆ ಬಕೆಟ್ಟು, ಮೂಸಲು ನಿಂಬೆಹಣ್ಣು ಇಟ್ಟಿರುತ್ತಾರೆ.

ಸಾಲಿನಲ್ಲಿ ಮುನಿಲಕ್ಷ್ಮಿಯ ಹಿಂದಿದ್ದ ಟೈಲರ್ ಇನಾಯತ್ ಪಿಸುಗುಟ್ಟಿದ: "ಮೇಯರ್‌ಗೆ ಕುಮುದಮ್ಮಂಗೇ ಒತ್ತಿಬಿಡಕ್ಕ. ಕೆರೆ ನುಂಗಿದಾರೆ ಅಷ್ಟೇ. ಬರೀ ಸೈನ್ ಹಾಕೋದು ಕಾಣುತ್ತೆ, ತಡ್ಕೋಬೋದು. ಆ ಧನಪಾಲ ಮಾತ್ರ ಬೇಡ."

ಧನಪಾಲ ಈಗಿನ ಮೇಯರ್. ಹಿಂದೊಮ್ಮೆ ಆರು ಜನರನ್ನು ಮ್ಯಾನ್‌ಹೋಲಿಗೆ ಇಳಿಸಿ, ಅವರು ಸಾಯುವಾಗ ಮೇಲೆ ನಿಂತು ನೋಡಿದವನು. ಅವರಲ್ಲೊಬ್ಬ ಮುನಿಲಕ್ಷ್ಮಿಯ ಗಂಡ ನರಸಿಂಹುಲು.

ಅವಳು ಧನಪಾಲನ ಬಟನ್ನನ್ನೇ ಒತ್ತಿದಳು. ಶಾಯಿ ತಣ್ಣಗೆ ತಾಗಿತು. ಕೆಳಗೆ, ಕಪ್ಪು ನೀರಿನಲ್ಲಿ, ನರಸಿಂಹುಲು ಕತ್ತೆತ್ತಿ ಅವಳನ್ನೇ ನೋಡಿದ. "ಸಾರ್, ಕೈ ಕೊಡಿ ಸಾರ್." ಅವಳು ಕೈ ಚಾಚಲು ಒದ್ದಾಡಿದಳು. ಆ ಕೈ ಪ್ಯಾಂಟಿನ ಜೇಬಿನಿಂದ ಹೊರಬರಲಿಲ್ಲ.

ಹೊರಬಂದ ಅವಳ ಮುಖ ನೋಡಿ ಇನಾಯತ್‌ಗೆ ಗೊತ್ತಾಯಿತು. "ಮತ್ತೆ ಅವನಿಗೇನಾ? ಯಾಕಕ್ಕ?"

"ಮನೇಲಿ ಅವರದೊಂದು ಫೋಟೋನೂ ಇಲ್ಲ ಕಣಪ್ಪ." ಅವಳು ನಿಂಬೆಹಣ್ಣು ಮೂಸಿ ವಾಪಸ್ಸಿಟ್ಟಳು. "ನೀನೂ ಅವನಿಗೇ ಒತ್ತು. ಸೋತುಬಿಟ್ರೆ ಮುಂದಿನ ಸಲ ನಿಲ್ಲೋದೇ ಇಲ್ಲ."