ಕಾರಿಗೆ ಹೇಳಿದ ಮಾತು

ತಿರುಪಬೇಕೆಂದಿದ್ದ ಬೋಲ್ಟು ಬೆರಳಿನಿಂದ ಜಾರಿ, ಟಣ್ಣೆಂದು ಎಲ್ಲೋ ಬಿತ್ತು. ಕಾರಿನಡಿ ಅಂಗಾತ ಮಲಗಿದ್ದ ಅಕ್ಕ ಹಲ್ಲು ಕಚ್ಚಿದಳು. ಎಂಜಿನ್ನಿನ ಹಳೆಯ ಆಯಿಲ್ ಆ ಬೋಲ್ಟಿನ ತೂತಿನಿಂದ ಕಾಡಿಗೆಯ ಹಾಗೆ ಕರ್ರಗೆ ಇಳಿದು ಟಬ್ಬಿನಲ್ಲಿ ನಿಂತಿತ್ತು. ಬೋಲ್ಟು ಅದರೊಳಗೇ ಬಿದ್ದಿರಬೇಕೆಂದು ಟಬ್ಬನ್ನು ಪಕ್ಕಕ್ಕೆಳೆದು, ಮೊಣಕೈವರೆಗೆ ತೋಳು ಅದ್ದಿ ತಡಕಾಡಿದಳು. ಊಹೂಂ, ಕೈಗೆ ಸಿಕ್ಕಿದ್ದು ಒಂದು ಒಣಗಿದ ಎಲೆ ಮಾತ್ರ.

"ಬೋಲ್ಟು ಎಲ್ಲಿ ಬಿತ್ತು ನೋಡೇ" ಎಂದು ತಂಗಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇಬ್ಬರೂ ಠೂ ಬಿಟ್ಟು ಇಂದಿಗೆ ಒಂಬತ್ತು ದಿನ. ಅಕ್ಕನಿಗೆ ಅರವತ್ತೆರಡು, ನಿವೃತ್ತ ಡ್ರಿಲ್ ಟೀಚರ್. ತಂಗಿಗೆ ಅರವತ್ತು, ಟೈಲರ್. ಇಬ್ಬರಿಗೂ ಸೇರಿ ಒಂದು ಮನೆ, ಒಂದು ಪುಟ್ಟ ಕಾರು, ಮತ್ತು ಬೇಕಾದಷ್ಟು ಹಟ.

ಜಗಳ ಶುರುವಾದದ್ದೂ ಆಯಿಲ್‌ನಿಂದಲೇ. ತಂಗಿ ಕಾರು ತೆಗೆದುಕೊಂಡು ಹೋದ ದಿನ ಆಯಿಲ್‌ನ ಕೆಂಪು ದೀಪ ಹತ್ತಿಕೊಂಡಿತ್ತು. "ದೀಪ ಕಂಡ್ಮೇಲೂ ಮನೆವರೆಗೆ ಓಡಿಸ್ಕೊಂಡು ಬಂದ್ಯಲ್ಲ, ಕಣ್ಣು ಎಲ್ಲಿಟ್ಟಿದ್ದೆ?" ಎಂದು ಅಕ್ಕ ರೇಗಿದಳು. "ಹಿಂದಿನ ದಿನ ಆಯಿಲ್ ಕಡ್ಡಿ ಎಳೆದು, ಅದನ್ನ ಒರೆಸ್ದೇನೇ, ಬೇಕಾದಷ್ಟಿದೆ ಅಂದೋರು ಯಾರಮ್ಮ? ಒರೆಸಿ, ಮತ್ತೆ ಅದ್ದಿ ನೋಡ್ಬೇಕು ಅಂತ ನೂರು ಸಲ ಹೇಳಿದೀನಿ" ಎಂದು ತಂಗಿ ತಿರುಗಿಬಿದ್ದಳು. ಠೂ ಬಿಟ್ಟ ಮೇಲೆ ಮೊದಲು ಬಾಯಿ ಬಿಟ್ಟವಳದ್ದೇ ತಪ್ಪು ಎಂಬುದು ಇಬ್ಬರಿಗೂ ಹಾಲುಹಲ್ಲು ಇದ್ದ ಕಾಲದ ಕಾನೂನು. ಈ ಸಲ ಅದಕ್ಕೊಂದು ಬಾಲವೂ ಸೇರಿತ್ತು: ಸೋತವಳು ಕಾರಿನ ಕೀ ಒಪ್ಪಿಸಿ ಒಂದು ವರ್ಷ ಪಕ್ಕದ ಸೀಟಿನಲ್ಲಿ ಕೂರಬೇಕು. ಸೈಕಲ್‌ಗಳಿಗೆಲ್ಲ ದಾರಿ ಬಿಟ್ಟುಕೊಂಡು ಓಡಿಸುವ ತಂಗಿಯ ಪಕ್ಕ ಒಂದು ವರ್ಷ ಕೂರುವುದೆಂದರೆ ಅಕ್ಕನಿಗೆ ಜೀವ ಹೋದಷ್ಟೇ ಕಷ್ಟ.

ಹಾಗೆಂದು ಕೆಲಸ ನಿಲ್ಲುತ್ತದೆಯೇ? ಅದಕ್ಕೇ ಇಬ್ಬರೂ ಮಾತಾಡುವುದನ್ನೆಲ್ಲ ಕಾರಿನ ಜೊತೆ ಆಡುತ್ತಿದ್ದರು. "ಕಾರೇ, ಹಳೇ ಆಯಿಲ್ ನಾನು ಕೆಳಗಿಂದ ಇಳಿಸ್ತೀನಿ. ಹೊಸದನ್ನ ಮೇಲಿಂದ ಯಾರು ಹಾಕ್ತಾರೋ ಕೇಳ್ಕೋ" ಎಂದು ಅಕ್ಕ ಬೆಳಿಗ್ಗೆ ಹೇಳಿದ್ದಳು. "ನಾನೇ ಹಾಕ್ತೀನಂತೆ ಅನ್ನು ಕಾರೇ. ಬೋಲ್ಟು ಬಿಗಿಯಾದ್ಮೇಲೆ ಕೆಳಗಿರೋರು ಒಂದು ಸಲ ಟಣ್ ಅನ್ನಿಸ್ಲಿ, ಸಾಕು" ಎಂದು ತಂಗಿ ಬಾನೆಟ್ ಸವರಿದ್ದಳು. ಪಕ್ಕದ ಮನೆಯ ಹಲ್ಲಿನ ಡಾಕ್ಟರು ಬ್ರಷ್ ಬಾಯಲ್ಲಿಟ್ಟುಕೊಂಡೇ ಇದನ್ನೆಲ್ಲ ಕೇಳಿಸಿಕೊಂಡು, ಮೆಲ್ಲಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು.

ಈಗ ಬೋಲ್ಟು ಕಳೆಯಿತೆಂದು ಕಾರಿಗೂ ಹೇಳುವಂತಿಲ್ಲ. ಕಾರಿಗೆ ಹೇಳಿದ್ದು ತಂಗಿಗೆ ಕೇಳಿಸದೆ ಇರುತ್ತದೆಯೇ? ಒರೆಸದ ಕಡ್ಡಿಯ ಜೊತೆ ಕಳೆದ ಬೋಲ್ಟಿನ ಕಥೆಯೂ ಸೇರಿ, ಬಟ್ಟೆ ಹೊಲಿಸಲು ಬಂದವರಿಗೆಲ್ಲ ಡಂಗುರ! ಅಷ್ಟರಲ್ಲಿ ತಂಗಿಯ ಚಪ್ಪಲಿಗಳು ಮುಂದಿನ ಚಕ್ರದ ಬಳಿ ಬಂದು ನಿಂತವು. ಹೊಸ ಆಯಿಲ್ ಡಬ್ಬದ ಮುಚ್ಚಳ ಕಿರ್ರೆಂದಿತು. ಅಕ್ಕ ಸ್ಪ್ಯಾನರ್ ಎತ್ತಿ ಮೂರು ಸಲ ಬಡಿದಳು. ಟಣ್, ಟಣ್, ಟಣ್. ಬೇಡ, ಬೇಡ, ಬೇಡ.

ಮೇಲೆ ಗುಳುಗುಳು ಸದ್ದಾಯಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಜೇನಿನ ಬಣ್ಣದ ತಣ್ಣನೆಯ ಆಯಿಲ್ ತೂತಿನಿಂದ ನೇರ ಇಳಿದು, ಅಕ್ಕನ ಹಣೆ, ಕಣ್ಣು, ಮೂಗು ಎಲ್ಲವನ್ನೂ ವಿಚಾರಿಸಿಕೊಂಡು ಅಂಗಿಯ ಕತ್ತಿನೊಳಗೆ ಹೋಯಿತು.

"ನಿಲ್ಸೇ ಕತ್ತೇ!"

ಗುಳುಗುಳು ನಿಂತಿತು. "ಮಾತಾಡ್ಬಿಟ್ಟೆ! ಸೋತೆ!" ಎಂದು ತಂಗಿ ಕೂಗಿದಳು. ಚಪ್ಪಲಿಗಳು ಅಲ್ಲೇ ಕುಣಿದವು.

"ನಾನು ಕತ್ತೆ ಅಂದಿದ್ದು ಕಾರಿಗೆ. ಮೊದಲು ನನ್ನ ಮಾತಾಡ್ಸಿದ್ದು ನೀನು. ಸೋತೋಳು ನೀನು!"

ಚಪ್ಪಲಿಗಳು ಕುಣಿಯುವುದನ್ನು ನಿಲ್ಲಿಸಿ ಸ್ವಲ್ಪ ಯೋಚಿಸಿದವು. "ಓಹೋ! ಕಾರೇ, ನೀನು ಕತ್ತೆಯಂತೆ ಕಣೋ. ಆಯಿಲ್ ನಿಲ್ಸಬೇಕಂತೆ. ನೀನೇ ನಿಲ್ಸ್ಕೋಪ್ಪ." ಮತ್ತೆ ಗುಳುಗುಳು.

"ಅಯ್ಯಯ್ಯೋ! ನಿನಗೇ ಕಣೇ! ನನ್ನ ತಂಗಿ ಅನ್ನೋ ಕತ್ತೆಗೇ ಹೇಳಿದ್ದು! ಸೋತೆ ಕಣೇ, ನಿಲ್ಸೇ ನನ್ನಮ್ಮಾ!"

ಅಕ್ಕ ತೆವಳಿಕೊಂಡು ಹೊರಬಂದಾಗ ಅರ್ಧ ಕಪ್ಪಗೆ, ಅರ್ಧ ಹೊಂಬಣ್ಣಕ್ಕೆ ತಿರುಗಿದ್ದಳು. ತಂಗಿ ಹಳೆಯ ಬಟ್ಟೆಯೊಂದರಿಂದ ಅವಳ ಮುಖ ಒರೆಸಿದಳು. "ನೋಡಕ್ಕ, ಮೊದಲು ಒರೆಸ್ಬೇಕು, ಆಮೇಲೆ ನೋಡ್ಬೇಕು. ಆಗ್ಲೇ ಸರಿಯಾಗಿ ಗೊತ್ತಾಗೋದು." ಒಂಬತ್ತು ದಿನವಾದ ಮೇಲೆ 'ಅಕ್ಕ' ಎಂಬುದು ಕಿವಿಗೆ ಬಿದ್ದಿತ್ತು. ಅಕ್ಕನಿಗೆ ಹಾಳಾದ್ದು ಅಳುವೇ ಬಂದಂತಾಯಿತು. ಜೇಬಿಗೆ ಕೈ ಹಾಕಿ ಕೀ ತೆಗೆದಳು.

"ತಗೋ. ಸೋತಿದ್ದು ಸೋತಿದ್ದೇ. ಆ ಬೋಲ್ಟು ಮಾತ್ರ ಎಲ್ಲಿ ಹಾಳಾಗಿ ಹೋಯ್ತೋ."

"ಇದಾ?" ಕೀಗೆಂದು ಚಾಚಿದ ತಂಗಿಯ ಅಂಗೈಯಲ್ಲಿ ಬೋಲ್ಟು ಇತ್ತು, ಒರೆಸಿ ಫಳಫಳ ಮಾಡಿದ್ದು. "ಆಗ್ಲೇ ಉರುಳ್ಕೊಂಡು ನನ್ನ ಕಾಲ ಹತ್ರ ಬಂತು. ಕೇಳ್ತೀಯೇನೋ ಅಂತ ಕಾಯ್ತಾ ಇದ್ದೆ."

ಅಕ್ಕ ಬೋಲ್ಟನ್ನು ನೋಡಿದಳು, ತಂಗಿಯನ್ನು ನೋಡಿದಳು. ಬೋಲ್ಟನ್ನು ಕಿತ್ತುಕೊಂಡು, ಕೀಯನ್ನು ಮತ್ತೆ ಜೇಬಿಗಿಳಿಸಿ, ಕಾರಿನಡಿ ತೆವಳಿದಳು. ಒಳಗಿನಿಂದ ಒಂದೇ ಒಂದು ಮಾತು ಬಂತು.

"ಠೂ!"