ಟವೆಲ್ಲಿನ ಕೆಳಗೆ

ಬಾಲದ ಒಂದೇ ಕೂದಲಿನಿಂದ ಯಾವ ಕರು ಬೇಗ ಮೈ ತುಂಬಿಕೊಳ್ಳುತ್ತದೆಂದು ಸರ್ಕಾರದ ದನ ಪರೀಕ್ಷಾ ಕೇಂದ್ರಕ್ಕೆ ತಿಳಿಯುತ್ತಿತ್ತು. ಅಂಥ ಕರುವನ್ನು ಮರುವಾರವೇ ಮಾಂಸದ ಲಾರಿ ಒಯ್ಯುತ್ತಿತ್ತು. ತನ್ನ ಹೋರಿಗರುವಿನ ಅಣ್ಣಂದಿರಿಬ್ಬರು ಹಾಗೇ ಹೋದದ್ದನ್ನು ಕಂಡಿದ್ದ ಜವರಮ್ಮ, ಈ ಸಲ ಪಕ್ಕದ ಮನೆಯ ಬಡಕಲು ಕರುವಿನ ಕೂದಲು ಕಳಿಸಿದ್ದಳು.

ಇವತ್ತು ಕೇಂದ್ರದಿಂದ ತಪಾಸಣೆಗೆ ಬಂದ ಶಿವನಂಜಯ್ಯ ಹಿಂದೆ ಸಂತೆಯಲ್ಲಿ ದನದ ದಲ್ಲಾಳಿಯಾಗಿದ್ದವನು. ಬೇಗ ಬೆಳೆಯುವ ಕರುಗಳಿಗಿರುವಂಥ ದಪ್ಪ ಮೊಣಕಾಲು ಮುಟ್ಟಿದವನ ಕೈ ಅಲ್ಲೇ ನಿಂತಿತು. ಅವನ ಎದೆಯ ಮೇಲಿನ ಕ್ಯಾಮೆರಾ ಎಲ್ಲವನ್ನೂ ಕೇಂದ್ರಕ್ಕೆ ಕಳಿಸುತ್ತಿತ್ತು.

“ವರದಿ ಸರಿಯಾಗೇ ಅದೆ. ಇದು ಬೆಳೆಯೋ ಕರು ಅಲ್ಲ,” ಎಂದ ಅವನು, ಕ್ಯಾಮೆರಾಕ್ಕೆ ಕೇಳುವಂತೆ.

“ಮತ್ತೆ ಕೂದ್ಲು ಕೀಳಕ್ಕೆ ಯಾವಾಗ ಬತ್ತಾರಣ್ಣ?”

“ಅದ ಹೇಳಂಗಿಲ್ಲ ಕಣವ್ವ.”

ಕೈ ಒರೆಸಿಕೊಳ್ಳುವ ನೆಪದಲ್ಲಿ ಹೆಗಲ ಟವೆಲ್ಲನ್ನು ಅವಳ ಕೈಮೇಲೂ ಇಳಿಬಿಟ್ಟ. ಸಂತೆಯಲ್ಲಿ ಯಾರಿಗೂ ಕಾಣದಂತೆ ಬೆಲೆ ಹೇಳುವಾಗ ಹಿಡಿಯುತ್ತಿದ್ದಂತೆಯೇ ಅವಳ ಬೆರಳು ಹಿಡಿದು ಒತ್ತಿದ. ಒಂದೇ ಬೆರಳು. ಅಂದರೆ ಒಂದೇ ದಿನ; ನಾಳೆಯೇ ಬರುತ್ತಾರೆ.

ಅವನ ಜೀಪು ಊರ ತಿರುವು ದಾಟುವ ಹೊತ್ತಿಗೆ ಕರು ಕಟ್ಟುವ ಗೂಟ ಬರಿದಾಗಿತ್ತು.