ಬಾಗಿಲ ಬಳಿಯ ಪೆಟ್ಟಿಗೆ

ಹಾಲು ಒಲೆಯ ಮೇಲಿತ್ತು. ಚಿಕ್ಕಮ್ಮನ ಮನೆಗೆ ಕಳಿಸಬೇಕಾದ ಮಗಳ ಬಟ್ಟೆಗಳನ್ನು ಮಡಿಸಿ ಸೂಟ್‌ಕೇಸಿಗೆ ಜೋಡಿಸಿಯಾಗಿತ್ತು. ಇನ್ನೂ ಆರು ತಿಂಗಳು ದೂರವಿದ್ದ ಚಳಿಗೆಂದು ಸ್ವೆಟರ್ ಕೂಡ. ಎಲ್ಲ ಸರಿಯಾಗಿದೆಯೇ ಎಂದು ಇನ್ನೊಮ್ಮೆ ನೋಡಿಬಿಡೋಣವೆಂದು ಅವಳು ಕೈ ಒರೆಸಿಕೊಂಡು ಒಳಗೆ ಹೋದಳು.

ಚಾಕು ಇಟ್ಟ ಜಾಗದಲ್ಲಿರಲಿಲ್ಲ.

ನಿನ್ನೆ ಪಾತ್ರೆ ತೊಳೆದ ಮೇಲೆ ತಾನೇ ಅದನ್ನು ಒರೆಸಿ, ಹಳದಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಹಿಡಿಗೆ ದಾರ ಸುತ್ತಿದ್ದ, ಅಗಲ ಅಲಗಿನ ಚಾಕು. ಮನೆಯಲ್ಲಿರುವುದು ಇಬ್ಬರೇ, ಅವಳು ಮತ್ತು ಹದಿನಾಲ್ಕರ ಮಗಳು. ಮಗಳು ಅರ್ಧ ಗಂಟೆಯ ಹಿಂದೆಯೇ ಶಾಲೆಗೆ ಹೊರಟುಹೋಗಿದ್ದಳು. ತಿಂಡಿ ತಿನ್ನದೆ. ಬ್ಯಾಗನ್ನು ಬೆನ್ನಿಗೆ ಹಾಕಿಕೊಳ್ಳದೆ, ಎದೆಗೆ ಅವುಚಿಕೊಂಡು.

ಹಾಲು ಉಕ್ಕಿ ಸುರಿಯಿತು. ಒಲೆ ಆರಿಸಿದಳು. ಒರೆಸಲಿಲ್ಲ.

ಗೋಡೆಯ ಮೇಲೆ ಮಗ ನಗುತ್ತಿದ್ದ. ಹನ್ನೊಂದು ವರ್ಷದಿಂದ ಅವನಿಗೆ ಹದಿನೇಳೇ. ಮೈದಾನದ ಗೇಟಿನಲ್ಲಿ, ಸೈಕಲ್ ತಾಗಿತೆಂಬ ಜಗಳದಲ್ಲಿ, ಅವನಿಗಿಂತ ಎರಡು ವರ್ಷ ದೊಡ್ಡವನೊಬ್ಬ ಚಾಕು ಹಾಕಿದ್ದ.

ಫೋಟೊದ ಕೆಳಗೆ ಶಾಲೆಯ ಚೀಟಿ ಅಂಟಿಸಿತ್ತು. ಮಕ್ಕಳನ್ನು ಹಿಂಸೆಯಿಂದ ದೂರವಿಡುವ ಕಾರ್ಯಾಗಾರ, ಇವತ್ತೇ. ಪ್ರತಿ ಮಗುವಿನ ಜೊತೆ ಮನೆಯ ಒಬ್ಬರು ಬರಲೇಬೇಕು. ನಡೆಸಿಕೊಡುವವರು ‘ಶಿಕ್ಷೆ ಮುಗಿಸಿ ಬಂದು ಈಗ ಮಕ್ಕಳಿಗೆ ಬುದ್ಧಿ ಹೇಳುವವರು’. ಪಕ್ಕದಲ್ಲಿ ಆ ಚಾಕು ಹಾಕಿದವನ ಹೆಸರು. ಆ ಹೆಸರನ್ನು ಅವಳು ನ್ಯಾಯಾಲಯದ ಬೆಂಚಿನ ಮೇಲೆ ಕೂತು ಎರಡು ವರ್ಷ ಕೇಳಿದ್ದಳು. ಶಾಲೆಯವರಿಗೆ ಈ ಸಂಬಂಧ ಗೊತ್ತಿರಲಿಲ್ಲ. ಮಗಳಿಗೂ ಅವಳು ಹೇಳಿರಲಿಲ್ಲ.

ಆದರೆ ಕಳೆದ ವಾರ ಊಟದ ನಡುವೆ ಮಗಳು ತಲೆ ಎತ್ತಿದ್ದಳು.

“ಅಮ್ಮ, ಅಣ್ಣನ್ನ ಕೊಂದೋನು ಈಗ ಎಲ್ಲಿದ್ದಾನೆ?”

“ತಟ್ಟೆ ನೋಡ್ಕೊಂಡು ತಿನ್ನು.”

“ಏನು ಕೇಳಿದ್ರೂ ತಟ್ಟೆ ತೋರಿಸ್ತೀಯಪ್ಪ ನೀನು.”

ಹಾಗಾದರೆ ಇವಳಿಗೆ ಗೊತ್ತಾಗಿದೆ. ಹಳೆಯ ಪತ್ರಿಕೆಯ ತುಂಡುಗಳು ಬೀರುವಿನಲ್ಲೇ ಇದ್ದವು. ಬೀರುವಿಗೆ ಬೀಗವಿರಲಿಲ್ಲ.

ಕೈಚೀಲ ಹೆಗಲಿಗೇರಿಸಿ ಓಡಿದಳು. ಬಸ್ಸಿನಲ್ಲಿ ಸೀಟಿತ್ತು, ಕೂರಲಿಲ್ಲ. ಅವಳಲ್ಲ, ಎಂದುಕೊಂಡಳು. ಯಾರ ಕೈಯಿಂದಾದರೂ ಆಗಲಿ, ಈ ಮಗುವಿನ ಕೈಯಿಂದ ಆಗಬಾರದು.

ಶಾಲೆಯ ಸಭಾಂಗಣದ ಬಾಗಿಲಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದರು. ಅಂಚೆ ಡಬ್ಬಿಯಂತೆ ಮೇಲೊಂದು ಸೀಳು. ಅದಕ್ಕೆ ಏನು ಹಾಕಿದರೂ ಯಾರೂ ಹೆಸರು ಕೇಳುವಂತಿಲ್ಲ.

“ಚೀಲ ಸ್ವಲ್ಪ ತೆಗೀರಮ್ಮ,” ಎಂದ ಕಾವಲುಗಾರ. “ಚೂರಿ ಗೀರಿ ಇದ್ರೆ ಇದಕ್ಕೆ ಹಾಕ್ಬಿಡಿ. ನಾನು ಆ ಕಡೆ ತಿರುಗಿರ್ತೀನಿ.”

“ಏನೂ ಇಲ್ಲಪ್ಪ.” ಚೀಲ ಅಗಲಿಸಿ ತೋರಿಸಿದಳು. ಕೊಡೆ, ಕನ್ನಡಕ, ಬಸ್ ಟಿಕೆಟ್. ನಿಜವಾಗಿಯೂ ಏನೂ ಇರಲಿಲ್ಲ.

“ಹೋದ್ಸಲ ಯಾರೋ ಮನೆ ಸೌಟು ಹಾಕಿದ್ರು. ಅದರಲ್ಲಿ ಏಟು ತಿಂದೋನೇ ಇರ್ಬೇಕು!” ಅವನು ತಾನೇ ನಕ್ಕ. “ಇವತ್ತು ನೋಡಿ, ಬಾಗಿಲು ತೆಗೆಯೋಕೆ ಮುಂಚೆನೇ ಒಂದು ಬಿತ್ತು. ಭಾರದ್ದು. ಧಡ್ ಅಂತು.”

ಅವಳು ಕಿವಿಗೊಡಲಿಲ್ಲ. ಕಣ್ಣು ಒಳಗೆ ಮಗಳನ್ನು ಹುಡುಕುತ್ತಿತ್ತು.

ಮಕ್ಕಳು ಮೊದಲ ಸಾಲುಗಳಲ್ಲಿ, ದೊಡ್ಡವರು ಹಿಂದೆ. ಇವಳಿಗೊಬ್ಬಳಿಗೆ ಮಾತ್ರ ಮುಂದೆ ಕುರ್ಚಿ, ಮಗಳ ಬೆನ್ನಿಗೇ. ಕಿವಿ ಮಂದ ಎಂದು ವಾರದ ಹಿಂದೆಯೇ ಟೀಚರಿಗೆ ಫೋನು ಮಾಡಿ ಹೇಳಿಟ್ಟಿದ್ದಳು. ಅಲ್ಲಿಂದ ವೇದಿಕೆಗೆ ನಾಲ್ಕೇ ಹೆಜ್ಜೆ.

ಮಗಳ ತೊಡೆಯ ಮೇಲೆ ಬ್ಯಾಗು. ಬ್ಯಾಗಿನ ಮೇಲೆ ಎರಡೂ ಕೈ.

ಅವನು ಬಂದ. ಇಸ್ತ್ರಿ ಮಾಡಿದ ಶರ್ಟು, ಆಗಲೇ ನೆರೆತ ಕಿವಿಯಂಚಿನ ಕೂದಲು. ತಾಯಿಯ ಕಡೆಗೂ ನೋಡಿದ. ಗುರುತು ಹಿಡಿಯಲಿಲ್ಲ.

“ನನಗೆ ಹತ್ತೊಂಬತ್ತು, ಅವನಿಗೆ ಹದಿನೇಳು,” ಎಂದು ಶುರುಮಾಡಿದ. “ಸುಮ್ನೆ ಹೆದರಿಸೋಕೆ ಅಂತ ಚಾಕು ಇಟ್ಕೊಂಡಿದ್ದೆ. ಜೇಬಲ್ಲಿತ್ತು, ಕೈಗೆ ಬಂತು. ಇಲ್ದಿದ್ರೆ ಎರಡು ಗುದ್ದಾಡಿ ಇಬ್ರೂ ಮನೆಗೆ ಹೋಗ್ತಿದ್ವಿ.”

ಮಗಳ ಬೆರಳುಗಳು ಜಿಪ್ಪಿನ ಮೇಲೆ ಆಡುತ್ತಿದ್ದವು.

“ಈಗ ಎಲ್ಲರೂ ನಿಮ್ಮೋರ ಕಡೆ ತಿರುಗಿ,” ಎಂದ ಅವನು. “ಮನೇಲಿ ಕೇಳೋಕಾಗದೆ ನುಂಗ್ಕೊಂಡಿರೋ ಪ್ರಶ್ನೆ ಒಂದಿರುತ್ತಲ್ಲ, ಅದನ್ನ ಕೇಳಿ. ಜೋರಾಗಿ. ನಮ್ಮನೇಲಿ ಯಾರೂ ಕೇಳ್ಲಿಲ್ಲ. ಅದಕ್ಕೇ ಹೇಳ್ತಿದ್ದೀನಿ.”

ಕೆಮ್ಮು, ಪಿಸುಮಾತು. ಕೊನೆಗೆ ಒಬ್ಬ ಹುಡುಗ ಎದ್ದ. “ಅಪ್ಪ, ಕುಡಿದಾಗ ಮಾತ್ರ ಯಾಕೆ ನನ್ನನ್ನ ಮುದ್ದು ಮಾಡ್ತೀಯ?” ಸಭಾಂಗಣ ಗೊಳ್ಳೆಂದಿತು. ಅವನ ಅಪ್ಪನ ಮುಖ ನೋಡಿ ನಗು ಅಲ್ಲಿಗೇ ನಿಂತಿತು.

ಆಮೇಲೆ ಮಗಳು ಎದ್ದಳು.

ಹಿಂದೆ ತಿರುಗಲಿಲ್ಲ. ಅವನನ್ನೇ ದಿಟ್ಟಿಸುತ್ತ ಬ್ಯಾಗಿಗೆ ಕೈ ಹಾಕಿದಳು. ಜಿಪ್ಪು ಸರಿದ ಸದ್ದು ತಾಯಿಗೆ ಸ್ಪಷ್ಟವಾಗಿ ಕೇಳಿಸಿತು. ಹಳದಿ ಬಟ್ಟೆಯ ಅಂಚು ಕಂಡಿತು.

ತಾಯಿ ಅರ್ಧ ಎದ್ದು ಕೈ ಚಾಚಿದಳು. “ಬೇಡ ಪುಟ್ಟಿ. ನೀನಲ್ಲ. ಕೊಡು ಇಲ್ಲಿ.”

ಮಗಳು ತಿರುಗಿದಳು. ಬಟ್ಟೆ ಅವಳ ಕೈಯಿಂದ ಜೋತುಬಿದ್ದಿತ್ತು. ಖಾಲಿಯಾಗಿತ್ತು. ಅವಳ ಮಾತು ಕೊನೆಯ ಸಾಲಿಗೂ ಕೇಳಿಸಿತು.

“ಚಾಕು ಪೆಟ್ಟಿಗೇಲಿದೆ ಅಮ್ಮ. ಅದನ್ನ ನಿನ್ನ ಕೈಚೀಲದಲ್ಲಿ ಯಾಕೆ ಬಚ್ಚಿಟ್ಕೊಂಡಿದ್ದೆ?”